ಒತ್ತಡ ಹುಟ್ಟುವುದು ಹಾಪರ್ ಬಾಯಲ್ಲಿ

ಹಾಪರ್ ಎಂಬ ಡಬ್ಬಿಗೆ ಸುರಿದ ಪ್ಲಾಸ್ಟಿಕ್ ಕಾಳನ್ನು ಸ್ಕ್ರೂವಿನಿಂದ ತಳ್ಳುತ್ತಾ ಕರಗಿಸಿ, ಡೈ ಎಂಬ ಅಚ್ಚಿನ ಬಾಯಿಂದ ಹೊರದೂಡುವ ಯಂತ್ರ ಎಕ್ಸ್‌ಟ್ರೂಡರ್. ಅದರ ಔಟ್‌ಪುಟ್ ಏರಿಳಿಯತೊಡಗಿದರೆ ಹೆಚ್ಚಿನವರು ಮೊದಲು ಡೈ ನೋಡುತ್ತಾರೆ, ಸ್ಕ್ರೀನ್ (ಸೋಸುವ ಜಾಲರಿ) ಬದಲಿಸುತ್ತಾರೆ. ಪ್ಲಾಸ್ಟಿಕ್ ಇನ್ನೂ ಕರಗದೆ ಗಟ್ಟಿಯಾಗಿಯೇ ಸಾಗುವ ಸ್ಕ್ರೂವಿನ ಮೊದಲ ಸುತ್ತುಗಳನ್ನು ಕೊನೆಗೆ ನೋಡುತ್ತಾರೆ. ನೋಡುವ ಕ್ರಮ ತಿರುಗುಮುರುಗಾಗಬೇಕು.

ಸ್ಕ್ರೂ ತಿರುಗಿದ ಮಾತ್ರಕ್ಕೆ ಪೆಲೆಟ್, ಅಂದರೆ ಪ್ಲಾಸ್ಟಿಕ್ ಕಾಳು, ಮುಂದೆ ಹೋಗದು. ಸ್ಕ್ರೂ ಸುತ್ತಲಿನ ಕೊಳವೆಯಾದ ಬ್ಯಾರೆಲ್‌ನ ಗೋಡೆ ಅದನ್ನು ಹಿಡಿಯಬೇಕು, ಸ್ಕ್ರೂ ಮೈ ಜಾರಲು ಬಿಡಬೇಕು. ನಟ್ ಹಿಡಿದುಕೊಂಡು ಬೋಲ್ಟ್ ತಿರುಗಿಸಿದರೆ ನಟ್ ಸರಿಯುತ್ತದೆ. ಕೈಬಿಟ್ಟರೆ ಎರಡೂ ಒಟ್ಟಿಗೆ ಸುತ್ತುತ್ತವೆ. 1956ರಲ್ಲಿ ಡಾರ್ನೆಲ್ ಮತ್ತು ಮೋಲ್ ಎಂಬ ಸಂಶೋಧಕರು ಇದನ್ನೇ ಲೆಕ್ಕಕ್ಕಿಳಿಸಿದರು.

ಒತ್ತಡ ಹೆಚ್ಚಿದಷ್ಟೂ ಘರ್ಷಣೆಯ ಹಿಡಿತ ಹೆಚ್ಚು, ಹಿಡಿತ ಹೆಚ್ಚಿದಷ್ಟೂ ಮುಂದಿನ ಒತ್ತಡ ಹೆಚ್ಚು. ಹಾಗಾಗಿ ಒತ್ತಡ ಕೂಡುತ್ತಾ ಅಲ್ಲ, ಗುಣಿಸುತ್ತಾ ಬೆಳೆಯುತ್ತದೆ. ಸ್ಕ್ರೂ ಬಾಯಲ್ಲಿ 0.01 ಬಾರ್ ಇದ್ದು, ಪ್ರತಿ ಸುತ್ತಿಗೆ 3 ಪಟ್ಟಾಗುತ್ತದೆ ಎಂದುಕೊಳ್ಳಿ: 8 ಸುತ್ತಿಗೆ ಸುಮಾರು 65 ಬಾರ್. ಅದೇ 2.5 ಪಟ್ಟಾದರೆ ಬರೀ 15. ಬ್ಯಾರೆಲ್ ಹಿಡಿತದಲ್ಲಿ ಚೂರು ಏರುಪೇರಾದರೂ ಔಟ್‌ಪುಟ್ ಅಲುಗುವುದು ಇದಕ್ಕೇ.

ಆ ಮೊದಲ 0.01 ಬಾರ್ ಕೂಡ ಅಷ್ಟೇ ಮುಖ್ಯ, ಅದು ಅರ್ಧವಾದರೆ ಮುಂದಿನದೆಲ್ಲ ಅರ್ಧ. ಹಾಪರ್ ತುಂಬಾ ತುಂಬಿಸಿದರೆ ಒತ್ತಡ ಅಷ್ಟೇನೂ ಏರದು, ಭಾರದ ಬಹುಪಾಲನ್ನು ಗೋಡೆಗಳೇ ಹೊರುತ್ತವೆ. ಆದರೆ ಹಾಪರ್ ಬರಿದಾಗುವ ಹಂತಕ್ಕೆ ಇಳಿದರೆ, ಅಥವಾ ಹಗುರವಾದ ಫಿಲ್ಮ್ ಚೂರು ಬೆರೆತು ಬಾಯಲ್ಲಿ ಕಮಾನು ಕಟ್ಟಿ ಮಾಲು ಇಳಿಯದಿದ್ದರೆ, ಪೆಟ್ಟು ನೇರ ಡೈವರೆಗೆ ತಲುಪುತ್ತದೆ.

ಬ್ಯಾರೆಲ್ ಕಾಯಿಸುವ ಭಾಗಗಳಲ್ಲಿ (ಜೋನ್) ಮೊದಲನೆಯದರ ಉಷ್ಣತೆಯೇ ಕೈಗೆ ಸಿಗುವ ಒಳ್ಳೆಯ ಹಿಡಿ. ಒಂದು ಸಲಕ್ಕೆ 10 ಡಿಗ್ರಿಯಷ್ಟೇ ಬದಲಿಸಿ, ಅರ್ಧ ಗಂಟೆ ಬಿಟ್ಟು, ಮೋಟರ್ ಆಂಪಿಯರ್ ಮತ್ತು ಒತ್ತಡದ ಏರಿಳಿತ ಬರೆದಿಟ್ಟುಕೊಳ್ಳಿ. ತೀರಾ ತಣ್ಣಗಿದ್ದರೆ ಹಿಡಿತ ಸಾಲದೇ ಹೋಗಬಹುದು, ತೀರಾ ಬಿಸಿಯಾದರೆ ಬೇಗ ಕರಗಿದ ಪದರವೇ ಜಾರುತ್ತದೆ. ಸರಿಯಾದ ಅಂಕಿ ಪ್ರತಿ ಪಾಲಿಮರ್‌ಗೂ ಬೇರೆ.

ಮಷೀನ್ ನಿಲ್ಲಿಸಿದಾಗ ಇನ್ನೊಂದು ತೊಂದರೆ: ಶಾಖ ಹಿಂದಕ್ಕೆ ಹರಿದು ಸ್ಕ್ರೂ ಬುಡ ಕಾಯುತ್ತದೆ, ಪೆಲೆಟ್ ಅಂಟುತ್ತದೆ, ಮತ್ತೆ ಚಾಲೂ ಮಾಡಿದರೆ ಮಾಲು ಎಳೆಯುವುದೇ ಇಲ್ಲ. ಅದಕ್ಕೇ ನಿಂತಾಗಲೂ ಥ್ರೋಟ್‌ನ (ಹಾಪರ್‌ನಿಂದ ಮಾಲು ಸ್ಕ್ರೂಗೆ ಇಳಿಯುವ ಕಂಠ) ತಂಪು ನೀರು ಹರಿಯುತ್ತಿರಲಿ. ಸ್ಕ್ರೂ ಹೊರತೆಗೆದಾಗ ಆ ಭಾಗದ ತುಕ್ಕು, ಕರಕಲು ತೆಗೆದು ನುಣ್ಣಗೆ ಪಾಲಿಶ್ ಮಾಡಿಸಿ.

ಒಳಗೋಡೆಯಲ್ಲಿ ಉದ್ದುದ್ದ ತೋಡುಗಳಿರುವ ಗ್ರೂವ್ಡ್ ಬ್ಯಾರೆಲ್ ಹಿಡಿತವನ್ನು ಬಹಳ ಹೆಚ್ಚಿಸುತ್ತದೆ, ಆದರೆ ಅಲ್ಲಿ ಕೂಲಿಂಗ್ ಜೋರಾಗಿರಲೇಬೇಕು. ತೋಡಿನೊಳಗೆ ಪ್ಲಾಸ್ಟಿಕ್ ಕರಗಿ ತುಂಬಿಕೊಂಡರೆ ಅದು ನಯವಾದ ಬ್ಯಾರೆಲ್‌ನಂತೆಯೇ ಜಾರುತ್ತದೆ.