ಎರಡನೇ ಸರ್ವ್ ಇನ್ನೂ ಬಾಕಿ ಇದೆ

ಟೆನಿಸ್ ಅಂದರೆ ನನಗೆ ಪೇಪರಿನ ಕ್ರೀಡಾಪುಟದಲ್ಲಿ ಕ್ರಿಕೆಟ್ ಮುಗಿದು ಮಿಕ್ಕ ಜಾಗಕ್ಕೆ ತುಂಬುವ ಅಂಕಿಗಳು, ಅಷ್ಟೇ. ಭಾವ ಒತ್ತಾಯ ಮಾಡದೇ ಇದ್ದಿದ್ದರೆ 2014ರ ಸೆಪ್ಟೆಂಬರ್ 13ರ ಶನಿವಾರ ನಾನು ಮನೆಯಲ್ಲಿ ಬಿದ್ದುಕೊಂಡಿರುತ್ತಿದ್ದೆ. ಅವರ ಜೊತೆ ಬರಬೇಕಿದ್ದ ಸ್ನೇಹಿತರು ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದರು. ‘ಟಿಕೆಟ್ ಸುಮ್ನೆ ವೇಸ್ಟ್ ಆಗತ್ತೆ, ಬಾರೋ’ ಅಂದರು. ‘ಊಟ ಕೊಡಿಸ್ತೀರಾ ಭಾವ?’ ಅಂತ ಕೇಳಿಕೊಂಡೇ ಹೊರಟೆ.

ಕಬ್ಬನ್ ಪಾರ್ಕಿನ ಒಳಗಿರುವ, ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಅಂಗಳ. ಅಲ್ಲೇ ಪಕ್ಕದ ಚಿನ್ನಸ್ವಾಮಿ ಸ್ಟೇಡಿಯಮ್ಮಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ, ಈ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ದೇಶದೇಶಗಳ ತಂಡಗಳು ಆಡುವ ಡೇವಿಸ್ ಕಪ್ಪಿನ ವರ್ಲ್ಡ್ ಗ್ರೂಪ್ ಪ್ಲೇಆಫ್, ಎದುರಾಳಿ ಸರ್ಬಿಯಾ. ಜೊಕೊವಿಚ್ ಬಂದಿಲ್ಲ ಅಂತ ತಿಳಿದು ಬೇಜಾರಾಯಿತು. ಆ ತಂಡದಲ್ಲಿ ನನಗೆ ಗೊತ್ತಿದ್ದ ಹೆಸರು ಅದೊಂದೇ. ಶುಕ್ರವಾರದ ಎರಡೂ ಸಿಂಗಲ್ಸ್ ನಾವು ಸೋತಾಗಿತ್ತು. ಐದು ಪಂದ್ಯದಲ್ಲಿ ಮೂರು ಗೆದ್ದವರಿಗೆ ಜಯ, ಡಬಲ್ಸೂ ಹೋದರೆ ಅಲ್ಲಿಗೆ ಕತೆ ಮುಗಿಯಿತು. ನಮ್ಮ ಕಡೆ 41ರ ಪೇಸ್, 34ರ ಬೋಪಣ್ಣ. ಆಚೆ ಝಿಮೊಂಜಿಚ್, ಬೊಜೊಲ್ಯಾಕ್. ಮೊದಲ ಸೆಟ್ 6-1ರಲ್ಲಿ ಕೈಬಿಟ್ಟಿತು. ಎರಡನೆಯದು 6-6 ಆಗಿ, ಸೆಟ್ ತೀರ್ಮಾನಿಸುವ ಟೈಬ್ರೇಕರ್‌ವರೆಗೆ ಎಳೆದು ಅದೂ ಹೋಯಿತು.

ಆದರೂ ಎದ್ದು ಹೋಗಬೇಕು ಅನ್ನಿಸಲಿಲ್ಲ. ಚಿನ್ನಸ್ವಾಮಿಯಲ್ಲಿ ಆಟಗಾರರು ಇರುವೆ ಗಾತ್ರ ಕಾಣುತ್ತಿದ್ದರು, ಚೆಂಡಂತೂ ಊಹೆಗೆ ಬಿಟ್ಟದ್ದು. ಇಲ್ಲಿ ಶೂ ಕಿರ್ ಅನ್ನುವುದೂ ಕೇಳುತ್ತಿತ್ತು. ನಾವು ಕೂತಿದ್ದು ಬೇಸ್‌ಲೈನಿನ ಹಿಂದೆ. ಬೋಪಣ್ಣ ಸರ್ವ್ ಮಾಡಲು ನಿಂತಾಗ ಅವನ ಭುಜದಾಚೆ, ನೆಟ್ ಹತ್ತಿರ ಬಗ್ಗಿದ್ದ ಪೇಸ್ ಕಾಣುತ್ತಿದ್ದ. ಆಚೆಯವರಿಗೆ ಕಾಣದ ಹಾಗೆ ಬೆನ್ನ ಹಿಂದೆ ಬೆರಳಲ್ಲಿ ಏನೋ ಸನ್ನೆ. ಆ ಗುಟ್ಟು ಆಡುವವರಿಬ್ಬರಿಗೆ ಮತ್ತು ನಮ್ಮ ಸಾಲಿಗೆ ಮಾತ್ರ ಗೊತ್ತು! ಇನ್ನೊಂದು ವಿಷಯ: ಪಾಯಿಂಟ್ ಗೆದ್ದರೂ ಕಳೆದುಕೊಂಡರೂ ಇಬ್ಬರೂ ಹತ್ತಿರ ಬಂದು ಅಂಗೈ ತಾಗಿಸಿಕೊಳ್ಳುತ್ತಿದ್ದರು. ಹೊಡೆತ ತಪ್ಪಿಸಿಕೊಂಡವನಿಗೂ ಒಂದು ಅಂಗೈ. ಕ್ಯಾಚ್ ಬಿಟ್ಟವನನ್ನು ನಮ್ಮ ಗಲ್ಲಿ ಕ್ರಿಕೆಟ್ಟಿನಲ್ಲಿ ಏನಂತ ಬೈಯುತ್ತಿದ್ದೆವೋ ನೆನಪಾಯಿತು.

ಮೂರನೇ ಸೆಟ್ಟಿನಲ್ಲಿ ಸರ್ಬಿಯಾದವರ ಸರ್ವ್ ನೆಟ್ಟಿಗೆ ಬಡಿದಾಗ ನಾನು ಕೂತಲ್ಲೇ ಶಿಳ್ಳೆ ಹಾಕಿದೆ. ಹಿಂದಿನ ಸಾಲಿನಿಂದ ಯಾರೋ ಭುಜ ತಟ್ಟಿದರು. ಬಿಳಿ ಟೋಪಿ ಹಾಕಿಕೊಂಡಿದ್ದ ಹಿರಿಯರು. ‘ಎರಡನೇ ಸರ್ವ್ ಇನ್ನೂ ಬಾಕಿ ಇದೆ, ತಡಿಯಪ್ಪ. ಬೇರೆಯವರ ತಪ್ಪಿಗೆ ಚಪ್ಪಾಳೆ ತಟ್ಟಬಾರದು.’ ಮೊದಲ ಸರ್ವ್ ತಪ್ಪಿದರೆ ಇನ್ನೊಂದು ಅವಕಾಶ ಇರುತ್ತದಂತೆ. ಭಾವ ನನ್ನ ಪರಿಚಯವೇ ಇಲ್ಲದವರ ಹಾಗೆ ಆಚೆ ನೋಡಿದರು.

ಆ ಸೆಟ್ 6-3. ನಾಲ್ಕನೆಯದೂ 6-3, ಅದೂ ನಮ್ಮದೇ. ಐದನೆಯದಕ್ಕೆ ಬರುವಷ್ಟರಲ್ಲಿ ನನ್ನ ಗಂಟಲು ಕಟ್ಟಿತ್ತು, ಹೊಟ್ಟೆಯಲ್ಲಿ ಪರೀಕ್ಷೆಯ ರಿಸಲ್ಟ್ ದಿನದ ಸಂಕಟ. ಬೋಪಣ್ಣ ನಮ್ಮ ಕೊಡಗಿನವನು, ಸರಿ. ಆದರೂ ಬೆಳಿಗ್ಗೆವರೆಗೆ ಅವನು ಗೆದ್ದರೆಷ್ಟು ಬಿಟ್ಟರೆಷ್ಟು ಅಂತಿದ್ದವನಿಗೆ ಇದೆಲ್ಲಿಂದ ಗಂಟುಬಿತ್ತು? ಐದನೇ ಸೆಟ್ಟಿಗೆ ಆಗ ಟೈಬ್ರೇಕರ್ ಇರಲಿಲ್ಲ, ಎರಡು ಗೇಮ್ ಅಂತರ ಸಿಗುವವರೆಗೂ ಆಡುತ್ತಲೇ ಇರಬೇಕು. ಮತ್ತೊಂದು ಸರ್ವ್ ನೆಟ್ಟಿಗೆ ಬಿತ್ತು. ನಾನು ಎರಡೂ ಕೈ ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದೆ. ಹಿಂದಿನಿಂದ ಪಟಪಟನೆ ಚಪ್ಪಾಳೆ. ತಿರುಗಿದರೆ ಬಿಳಿ ಟೋಪಿ! ಕಣ್ಣು ಕೂಡಿದ್ದೇ ಅವರು ಟೋಪಿ ಸರಿಮಾಡಿಕೊಂಡರು.

8-6ಕ್ಕೆ ಗೆದ್ದೆವು. ಯಾರು ಯಾರನ್ನು ತಬ್ಬಿಕೊಂಡರೋ ಗೊತ್ತಿಲ್ಲ, ಟೋಪಿ ಮಾತ್ರ ನನ್ನ ಕಾಲ ಬುಡದಲ್ಲಿ ಸಿಕ್ಕಿತು.

ಭಾನುವಾರ ಸೋಮ್‌ದೇವ್ ಐದು ಸೆಟ್ ಆಡಿ ಗೆದ್ದು 2-2 ಮಾಡಿದ. ಕೊನೆಯ ಪಂದ್ಯ ಮಳೆಯಿಂದ ಅರ್ಧಕ್ಕೆ ನಿಂತು ಸೋಮವಾರಕ್ಕೆ ಹೋಯಿತು. ಆಫೀಸಿನಲ್ಲಿ ಮೇಜಿನ ಕೆಳಗೆ ಮೊಬೈಲ್ ಇಟ್ಟುಕೊಂಡು ಸ್ಕೋರ್ ನೋಡುತ್ತಿದ್ದೆ. ಕ್ರಾಜಿನೊವಿಚ್ ಎದುರು ಯೂಕಿ ಭಾಂಬ್ರಿ ಸೋತ, ಅದರೊಂದಿಗೆ ಭಾರತವೂ. ನನ್ನ ಮುಖ ನೋಡಿ ಪಕ್ಕದ ಸೀಟಿನವನು ಗಾಬರಿಯಾಗಿ, ‘ಯಾರಿಗೇನಾಯ್ತೋ?’ ಅಂದ.

‘ಏನಿಲ್ಲ. ಯೂಕಿ ಸೋತ.’

‘ಯೂಕಿ ಯಾರು?’

ಹೋದ ವಾರ ಕೇಳಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ಆದರೂ ಅವನ ಮೇಲೆ ಸಿಟ್ಟು ಬಂತು. ಕ್ರಿಕೆಟ್ ಸೋತರೆ ಇಡೀ ಆಫೀಸೇ ಸೂತಕದ ಮನೆಯಾಗುತ್ತದೆ, ದುಃಖಕ್ಕೆ ಜೊತೆ ಸಿಗುತ್ತದೆ. ಟೆನಿಸ್ ಹಚ್ಚಿಕೊಂಡವನಿಗೆ ಆ ಭಾಗ್ಯವಿಲ್ಲ. ಕ್ಯಾಂಟೀನಿಗೆ ಹೋಗಿ ಒಬ್ಬನೇ ಟೀ ಕುಡಿದೆ.

ಆಮೇಲೆ ಜೂನ್ ಕೊನೆಗೆ ವಿಂಬಲ್ಡನ್, ಜನವರಿಯಲ್ಲಿ ನಸುಕಿಗೇ ಎದ್ದು ಮೆಲ್ಬರ್ನ್ ಅಂತ ನನ್ನ ವರ್ಷದ ಪಂಚಾಂಗವೇ ಬದಲಾಯಿತು. 2024ರ ಜನವರಿ 27, ಅದೂ ಶನಿವಾರವೇ. 43ರ ಬೋಪಣ್ಣ ಆಸ್ಟ್ರೇಲಿಯಾದ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲ್ ಆಡಿ ಗೆದ್ದ. 7-6, 7-5. ಪುರುಷರ ಡಬಲ್ಸಿನಲ್ಲಿ ಅವನಿಗೆ ಅದೇ ಮೊದಲ ಗ್ರ್ಯಾನ್‌ಸ್ಲಾಮ್. ಕಣ್ಣೊರೆಸಿಕೊಂಡು ಭಾವನಿಗೆ ಫೋನ್ ಹಚ್ಚಿದೆ. ಅವರ ಗಂಟಲೂ ಕಟ್ಟಿತ್ತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

‘ಆವತ್ತು ನಿಂಗೆ ಊಟ ಕೊಡಿಸಿದ್ನೇನೋ?’ ಅಂದರು ಆಮೇಲೆ.

‘ಇಲ್ಲ ಭಾವ. ಇಬ್ರೂ ಮರೆತುಬಿಟ್ವಿ.’