ಮೂರು ಮೀಟರ್ ಜಾಸ್ತಿ

ಅವತ್ತು ಹನ್ನೊಂದಕ್ಕೆ ಹಾಸನದ ನಮ್ಮ ಕಾಲೇಜಿನ ಲ್ಯಾಬಿಗೆ ಗೆಸ್ಟ್‌ಗಳು ಬರುವವರಿದ್ದರು. ತೋರಿಸಬೇಕಿದ್ದದ್ದು ಫೋಟಾನ್ ಅನ್ನೋ ಬೆಳಕಿನ ಕಣಗಳ ಜೋಡಿಯನ್ನು ಎರಡು ಕಡೆ ಅಳೆದು ಗುಪ್ತ ಕೀ ಮಾಡುವ ಸೆಟಪ್ಪು. ಓಎಎಂ ಅಂದರೆ ಬೆಳಕಿನ ತಿರುಚು; ಅದರ ನಾಲ್ಕು ಬಗೆಯೇ ನಾಲ್ಕು ಮೋಡು, ಒಂದು ಫೋಟಾನ್ ಜೋಡಿಗೆ 2 ಬಿಟ್ ಕಚ್ಚಾ ಕೀ. ಹಿಂದಿನ ದಿನ ಎರರ್, ಅಂದರೆ ಎರಡು ಕಡೆಯ ಉತ್ತರ ಹೊಂದದ ಪಾಲು, 9 ಪರ್ಸೆಂಟ್ ಇತ್ತು. ನಿಶ್ಚಿಂತೆಯಿಂದ ಮಲಗಿದ್ದೆ.

ಬೆಳಿಗ್ಗೆ ಎಂಟೂವರೆಗೆ ಲೇಸರ್ ಆನ್ ಮಾಡಿದರೆ ಕೋಯಿನ್ಸಿಡೆನ್ಸ್ ಇಲ್ಲ, ಅಂದರೆ ಜೋಡಿಯ ಎರಡೂ ಫೋಟಾನ್ ಒಟ್ಟಿಗೆ ಸಿಗುತ್ತಿಲ್ಲ. ಸೆಕೆಂಡಿಗೆ ಮುನ್ನೂರು ಬರುತ್ತಿದ್ದದ್ದು ಒಂದೋ ಎರಡೋ. ಹಾಸನಾಂಬೆಯ ದರ್ಶನವೇ ಇದಕ್ಕಿಂತ ಸಲೀಸು. ಎರಡೂ ಕಡೆಯ ಮೋಡು ಹೋಲಿಸುವ ಮ್ಯಾಟ್ರಿಕ್ಸಿನ ಹದಿನಾರು ಚೌಕಕ್ಕೂ ಒಂದೇ ಬಣ್ಣ, ಎರರ್ 75. ಕಣ್ಣು ಮುಚ್ಚಿ ಊಹಿಸಿದರೂ ಅಷ್ಟೇ ಬರುತ್ತೆ.

ರಾತ್ರಿ ಕರೆಂಟ್ ಹೋಗಿತ್ತು, ಎಸಿ ನಿಂತಿತ್ತು. ಅಲೈನ್‌ಮೆಂಟೇ ಹೋಗಿದೆ ಅಂತ ತೀರ್ಮಾನಿಸಿ ಕನ್ನಡಿಯ ನಾಬ್ ಹಿಡಿದೆ.

ಪ್ರಾಜೆಕ್ಟಿಗೆ ಬಂದಿದ್ದ ಎಂಎಸ್ಸಿ ಹುಡುಗಿ ಮೆಲ್ಲಗೆ ಹೇಳಿದಳು, "ಸರ್, ಸಿಂಗಲ್ಸ್ ಎರಡೂ ಕಡೆ ಮೂವತ್ತು ಸಾವಿರ ಇದೆ. ಮಾಮೂಲಿ ಅಷ್ಟೇ ಅಲ್ವಾ?" ಸಿಂಗಲ್ಸ್ ಅಂದರೆ ಒಂದೊಂದು ಕಡೆ ಬಿಡಿಯಾಗಿ ಬಂದ ಫೋಟಾನ್ ಎಣಿಕೆ.

"ಸ್ವಲ್ಪ ಸುಮ್ನಿರಮ್ಮ" ಅಂದೆ.

ಎಡಕ್ಕೆ ಕೂದಲೆಳೆಯಷ್ಟು, ಬಲಕ್ಕೆ ಅದರರ್ಧ. ಬೆರಳು ಬೆವರುತ್ತಿತ್ತು. ಒಂಬತ್ತೂಮುಕ್ಕಾಲಿಗೆ ಸಿಂಗಲ್ಸೂ ಇಳಿಯತೊಡಗಿತು. ಆಗಲೂ ಬುದ್ಧಿ ಬರಲಿಲ್ಲ. "ನೋಡಿದ್ಯಾ, ಅಲೈನ್‌ಮೆಂಟೇ" ಅಂತ ಅವಳಿಗೇ ಹೇಳಿದೆ!

ಹತ್ತೂವರೆಗೆ ಅವಳು ಟೇಬಲ್ ಕೆಳಗಿನಿಂದ ಫೈಬರ್ ಸುರುಳಿ ಎತ್ತಿ ತೋರಿಸಿದಳು. ಹಿಂದಿನ ಸಂಜೆ ಒಂದು ಕಡೆಯ 2 ಮೀಟರಿನ ಫೈಬರ್ ಪ್ಯಾಚ್ ಕಾರ್ಡ್ ಕುರ್ಚಿ ಚಕ್ರಕ್ಕೆ ಸಿಕ್ಕಿ ಹಾಳಾಗಿತ್ತು. ಸ್ಟೋರಿನಲ್ಲಿ ಇದ್ದದ್ದು 5 ಮೀಟರಿನದು. ಹಾಕಿದವನು ನಾನೇ. ಫೈಬರಿನಲ್ಲಿ ಬೆಳಕು ಒಂದು ಮೀಟರ್ ಹೋಗೋಕೆ ಸುಮಾರು 5 ನ್ಯಾನೋಸೆಕೆಂಡ್. ಮೂರು ಮೀಟರಿಗೆ 15. ನಮ್ಮ ವಿಂಡೋ, ಅಂದರೆ ಎರಡೂ ಒಟ್ಟಿಗೆ ಬಂದವು ಅಂತ ಲೆಕ್ಕಕ್ಕೆ ಹಿಡಿಯುವ ಅಂತರ, 2. ಒಂದು ಫೋಟಾನ್ ಬಂದು ಹೋದ ಎಷ್ಟೋ ಹೊತ್ತಿಗೆ ಅದರ ಜೊತೆಗಾರ ಬರುತ್ತಿತ್ತು. ಸಿಂಗಲ್ಸ್ ಸರಿ ಇದ್ದು ಕೋಯಿನ್ಸಿಡೆನ್ಸ್ ಮಾತ್ರ ಸತ್ತರೆ ಮೊದಲು ಡಿಲೇ, ಅಂದರೆ ಎರಡು ಕಡೆಯ ಸಮಯದ ವ್ಯತ್ಯಾಸ, ನೋಡಬೇಕು. ಲ್ಯಾಬಿನ ಒಂದನೇ ಕ್ಲಾಸ್ ಪಾಠ ಅದು.

ಡಿಲೇ ಬಾಕ್ಸಿನಲ್ಲಿ 15 ಹಾಕಿದೆ. ಕೋಯಿನ್ಸಿಡೆನ್ಸ್ ಎದ್ದು ಕೂತಿತು. ಆದರೆ ಎರರ್ 22. ಎರಡು ಗಂಟೆ ನಾಬ್ ತಿರುವಿದ್ದಕ್ಕೆ ಬೀಮು ಎಸ್‌ಎಲ್‌ಎಂ ಅನ್ನೋ ಪರದೆಯಲ್ಲಿ ಮೋಡು ಆರಿಸುವ ಹೋಲೋಗ್ರಾಮಿನ ನಡುವಿನಿಂದ ಸರಿದಿತ್ತು, ಮೋಡುಗಳು ಒಂದರೊಳಗೊಂದು ಕಲಸಿಹೋಗಿದ್ದವು. ಎರರ್ ಒಂದು ಮಿತಿ ದಾಟಿದರೆ ಕೀ ಗುಪ್ತವಾಗಿ ಉಳಿಯಲ್ಲ: ಎರಡೇ ಮೋಡಿನ ಕೀಗೆ 11 ಪರ್ಸೆಂಟ್ ಮಿತಿ, ನಾಲ್ಕಕ್ಕೆ ಹತ್ತಿರ ಹತ್ತಿರ 19. ಆ ರಿಯಾಯಿತಿಯನ್ನೂ ದಾಟಿಸಿದ್ದೆ. ಕೀ ಸೊನ್ನೆ.

ಗೆಸ್ಟ್‌ಗಳಿಗೆ ಹೋದ ವಾರದ ಫೈಲ್ ತೆರೆದೆ. "ಇದು ಲೈವಾ?" ಅಂತ ಒಬ್ಬರು ಕೇಳೇಬಿಟ್ಟರು. "ಇಲ್ಲ ಸರ್, ಹೋದ ವಾರದ್ದು" ಅಂದೆ. ನಮ್ಮ ಎಚ್‌ಒಡಿ ಫ್ಯಾನ್ ನೋಡುತ್ತಿದ್ದರು.

ಸಂಜೆ ಆ ಹುಡುಗಿಗೆ ಕಾಫಿ ಕೊಡಿಸಿ ಸಾರಿ ಕೇಳಿದೆ. 2 ಮೀಟರಿನ ಕಾರ್ಡ್ ಇನ್ನೂ ಬಂದಿಲ್ಲ. ಮೂರನೇ ಕೊಟೇಶನ್ ಬೇಕಂತೆ.