ಚಿಂಪಾಂಜಿಗಳ ಕಚೇರಿಯಲ್ಲಿ ಸಕಲೇಶಪುರದವಳು

ಹಲಸು ಬಲಿಯುವ ತಿಂಗಳುಗಳಲ್ಲಿ ಸಕಲೇಶಪುರ, ಆಲೂರು ಕಡೆಯ ತೋಟದವರು ಏನು ಮಾಡುತ್ತಾರೆಂಬುದು ಹಾಸನ ಜಿಲ್ಲೆಯವರಿಗೆ ಗೊತ್ತೇ ಇದೆ. ಹಣ್ಣಾಗಿ ವಾಸನೆ ಹರಡುವ ಮೊದಲೇ ಕಾಯಿ ಕೆಡವಿಸುತ್ತಾರೆ, ಕೆಲವರು ಮರವನ್ನೇ ಕಡಿಸುತ್ತಾರೆ. ಏಕೆಂದರೆ ಆ ವಾಸನೆಗೆ ಆನೆ ಬಂದರೆ ಹಲಸಿನೊಂದಿಗೆ ಸುತ್ತಲಿನ ರೋಬಸ್ಟಾ ಗಿಡಗಳೂ ಹೋಗುತ್ತವೆ. ಪಶ್ಚಿಮ ಉಗಾಂಡಾದ ಹೊಯಿಮಾ ಜಿಲ್ಲೆಯ ಮನೆಯಂಗಳಗಳಲ್ಲೂ ಹಲಸಿನ ಮರಗಳಿವೆ. ಇಟ್ಟುಕೊಳ್ಳಬೇಕೇ, ಕಡಿಯಬೇಕೇ ಎಂಬ ಚರ್ಚೆ ಅಲ್ಲಿಯೂ ನಡೆಯುತ್ತದೆ, ಆದರೆ ಅಲ್ಲಿ ಹಣ್ಣಿಗೆ ಬರುವುದು ಚಿಂಪಾಂಜಿ. ಮಹಾವಾನರಗಳ ಸಂರಕ್ಷಣೆಗೆ ದುಡಿಯುವ ಒಂದು ಸಂಸ್ಥೆಯ ಉಗಾಂಡಾ ಕಚೇರಿಯ ಹೊಣೆ ನನ್ನ ಹೆಗಲಿಗೆ ಬಂದಾಗ ಉಳಿದೆಲ್ಲವನ್ನೂ ಕಲಿಯಬೇಕಾಗಿತ್ತು. ಈ ಹಲಸಿನ ಜಗಳವೊಂದನ್ನು ಮಾತ್ರ ಯಾರೂ ನನಗೆ ವಿವರಿಸಬೇಕಾಗಿ ಬರಲಿಲ್ಲ.

ಉಗಾಂಡಾದಲ್ಲಿ ಸುಮಾರು 5,000 ಚಿಂಪಾಂಜಿಗಳಿವೆಯೆಂಬ ಅಂದಾಜಿದೆ. ಇವುಗಳನ್ನು ಎಣಿಸುವುದು ಕಣ್ಣಿಗೆ ಬಿದ್ದ ಪ್ರಾಣಿಯನ್ನು ಲೆಕ್ಕ ಹಿಡಿದಲ್ಲ. ಪ್ರತಿ ಸಂಜೆ ಚಿಂಪಾಂಜಿ ಮರದ ಮೇಲೆ ಕೊಂಬೆಗಳನ್ನು ಬಾಗಿಸಿ ಹೊಸ ಗೂಡು ಕಟ್ಟಿಕೊಂಡು ಮಲಗುವುದರಿಂದ, ನಮ್ಮಲ್ಲಿ ಆನೆ ಗಣತಿಗೆ ಲದ್ದಿ ಎಣಿಸುವಂತೆ, ಅಲ್ಲಿ ಗೂಡುಗಳನ್ನು ಎಣಿಸಿ ಸಂಖ್ಯೆಯನ್ನು ಅಂದಾಜಿಸುತ್ತಾರೆ. ಹೆಚ್ಚಿನವು ಕಿಬಾಲೆ, ಬುಡೊಂಗೊಗಳಂತಹ ದೊಡ್ಡ ಕಾಡುಗಳಲ್ಲಿವೆ. ನನ್ನ ತಲೆನೋವು ಉಳಿದವು. ಹೊಯಿಮಾದ ಸುತ್ತ ಹೊಳೆಗಳ ದಂಡೆಯುದ್ದಕ್ಕೂ ಉಳಿದಿರುವ ಕಾಡಿನ ತುಣುಕುಗಳು ಬಹುತೇಕ ಸಣ್ಣ ರೈತರ ಸ್ವಂತ ಜಮೀನು; ಆ ತುಣುಕುಗಳು ತಂಬಾಕಿಗೆ, ಕಬ್ಬಿಗೆ, ಮರದ ವ್ಯಾಪಾರಕ್ಕೆ ಒಂದೊಂದಾಗಿ ಕರಗುತ್ತಿರುವಾಗ ಚಿಂಪಾಂಜಿಗಳು ಬಾಳೆ, ಮಾವು, ಕಬ್ಬು, ಹಲಸುಗಳ ಮೇಲೆ ಬದುಕುವುದನ್ನು ರೂಢಿ ಮಾಡಿಕೊಂಡಿವೆ. ತಾಯಿ ಹೊಲದಲ್ಲಿ ಕೆಲಸ ಮಾಡುತ್ತಿರುವಾಗ ಬದಿಯಲ್ಲಿದ್ದ ಮಗುವನ್ನು ಚಿಂಪಾಂಜಿ ಎತ್ತಿಕೊಂಡು ಹೋಗಿ ಕೊಂದ ಘಟನೆಗಳೂ ಪಶ್ಚಿಮ ಉಗಾಂಡಾದಲ್ಲಿ ನಡೆದಿವೆ. ಇದನ್ನು ಮುಚ್ಚಿಟ್ಟು ಸಂರಕ್ಷಣೆಯ ಮಾತಾಡುವವರನ್ನು ನಾನು ನಂಬುವುದಿಲ್ಲ.

ಅದೇ ದೇಶದ ನೈರುತ್ಯದಲ್ಲಿರುವ ಬ್ವಿಂಡಿ ಕಾಡಿನ ಪರ್ವತ ಗೊರಿಲ್ಲಾಗಳ ಕತೆ ಬೇರೆ. ಅವುಗಳ ಜಾಗತಿಕ ಸಂಖ್ಯೆ ಸಾವಿರ ದಾಟಿ 1,063 ಆಗಿದೆ. 2018ರಲ್ಲಿ ಅವನ್ನು ತೀವ್ರ ಅಳಿವಿನಂಚಿನ ಪಟ್ಟಿಯಿಂದ ಒಂದು ಹಂತ ಕೆಳಗಿಳಿಸಲಾಯಿತು. ಒಂದು ಗಂಟೆ ಗೊರಿಲ್ಲಾ ನೋಡಲು ವಿದೇಶಿ ಪ್ರವಾಸಿ 800 ಡಾಲರ್ ಕೊಡುತ್ತಾನೆ, ಅದರಲ್ಲಿ ಒಂದಿಷ್ಟು ಸುತ್ತಲಿನ ಹಳ್ಳಿಗಳಿಗೂ ಸಿಗುತ್ತದೆ. ರೈತನ ಬಾಳೆ ತೋಟದಲ್ಲಿ ಕೂತ ಚಿಂಪಾಂಜಿಯನ್ನು ನೋಡಲು ಅಷ್ಟು ಹಣ ಕೊಡುವವರು ಯಾರೂ ಇಲ್ಲ. ಬ್ವಿಂಡಿಯ ಯಶಸ್ಸಿಗೂ ಒಂದು ಬಾಕಿ ಇದೆ. 1991ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿಂದ ಹೊರಬಿದ್ದ, ಆ ಕಾಡಿನ ಮೂಲನಿವಾಸಿಗಳಾದ ಬಾಟ್ವಾ ಜನರಲ್ಲಿ ಹೆಚ್ಚಿನವರಿಗೆ ಬದಲಿ ಜಮೀನು ಸಿಗಲಿಲ್ಲ. ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಿ ಭದ್ರಾ ಅಭಯಾರಣ್ಯದೊಳಗಿನ ಊರುಗಳನ್ನು 2002ರ ಹೊತ್ತಿಗೆ ಸ್ಥಳಾಂತರಿಸಿದಾಗ ಜಮೀನು, ಮನೆ ಕೊಟ್ಟಿದ್ದರು. ಅಲ್ಲಿ ಎಲ್ಲರೂ ತೃಪ್ತರಾದರೆಂದು ನಾನು ಹೇಳುತ್ತಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ವ್ಯತ್ಯಾಸ ಸಣ್ಣದಾಗಿ ಕಾಣಲಾರದು.

ಹೆಣ್ಣು ಚಿಂಪಾಂಜಿ ಸಾಮಾನ್ಯವಾಗಿ ಐದಾರು ವರ್ಷಕ್ಕೊಮ್ಮೆ ಮರಿ ಹಾಕುತ್ತದೆ. ಹಾಗಾಗಿ ಇಪ್ಪತ್ತು ಪ್ರಾಣಿಗಳ ಗುಂಪಿನಲ್ಲಿ ಒಂದು ತಾಯಿ ಸತ್ತರೂ ಆ ನಷ್ಟ ತುಂಬಲು ವರ್ಷಗಳೇ ಬೇಕು. ಅವುಗಳಿಗೆಂದು ಉರುಳು ಕಟ್ಟುವವರು ಕಡಿಮೆ. ಕಾಡುಹಂದಿಗೆ, ಸಣ್ಣ ಜಿಂಕೆಯ ಜಾತಿಯ ಡೈಕರ್‌ಗೆ ಕಟ್ಟಿದ ತಂತಿಗೆ ಚಿಂಪಾಂಜಿಯ ಕೈ ಸಿಕ್ಕಿ, ಎಳೆದಾಟದಲ್ಲಿ ಬೆರಳೋ ಮುಂಗೈಯೋ ಕೊಳೆತು ಬೀಳುತ್ತದೆ. ಬುಡೊಂಗೊದಲ್ಲಿ ಕೈ ಊನವಾದ ಪ್ರಾಣಿಗಳು ಅಪರೂಪವಲ್ಲ. ಹಂದಿಗೆಂದು ಬೇಲಿಗೆ ಕಟ್ಟಿದ ಕ್ಲಚ್ ವೈರಿಗೆ ಚಿರತೆ ಸಿಕ್ಕಿ ಸತ್ತ ಸುದ್ದಿಯನ್ನು ಮಲೆನಾಡಿನ ಪತ್ರಿಕೆಗಳಲ್ಲಿ ಓದಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಕಚೇರಿಯ ಮುಖ್ಯಸ್ಥರು ದಿನವೆಲ್ಲ ಏನು ಮಾಡುತ್ತಾರೆಂದರೆ, ಬಹುಪಾಲು ಕಾಗದದ ಕೆಲಸ: ಸರ್ಕಾರದ ವನ್ಯಜೀವಿ ಪ್ರಾಧಿಕಾರದೊಂದಿಗಿನ ಒಪ್ಪಂದ, ನೋಂದಣಿ, ಸಂಬಳ, ಲೆಕ್ಕಪರಿಶೋಧನೆ, ಮಣ್ಣಿನ ರಸ್ತೆಯಲ್ಲಿ ಸೊರಗಿದ ಜೀಪುಗಳ ರಿಪೇರಿ. ದಾನಿಗಳು ಗಿಡ ನೆಡಲು ಹಣ ಕೊಡುತ್ತಾರೆ, ಗಿಡ ಸಾಗಿಸುವ ಗಾಡಿಯ ಟೈರಿಗೆ ಕೊಡುವುದಿಲ್ಲ. ಮರಿ ಚಿಂಪಾಂಜಿಯನ್ನು ಎತ್ತಿಕೊಂಡ ಫೋಟೊ ಕೇಳಿದವರೂ ಇದ್ದಾರೆ. ಅದನ್ನು ನಾವು ಎಂದಿಗೂ ಕಳಿಸುವುದಿಲ್ಲ, ಏಕೆಂದರೆ ಅಂತಹ ಚಿತ್ರಗಳು ಅವನ್ನು ಸಾಕುವ ಆಸೆಯನ್ನು ಹುಟ್ಟಿಸುತ್ತವೆ. ಜೊತೆಗೆ ಮನುಷ್ಯರ ಸಾಮಾನ್ಯ ನೆಗಡಿಯ ವೈರಾಣು ಕೂಡ ಅವುಗಳನ್ನು ಕೊಲ್ಲಬಲ್ಲದು. 1996ರಲ್ಲಿ ಬ್ವಿಂಡಿಯ ಗೊರಿಲ್ಲಾಗಳಿಗೆ ತಗುಲಿದ ಕಜ್ಜಿಯ ಮೂಲ ಮನುಷ್ಯರೆಂಬ ತೀರ್ಮಾನಕ್ಕೆ ಬಂದ ಪಶುವೈದ್ಯೆ ಗ್ಲ್ಯಾಡಿಸ್ ಕಲೇಮಾ ಜಿಕುಸೋಕಾ ಅವರು, ಗೊರಿಲ್ಲಾ ಉಳಿಯಬೇಕಾದರೆ ಮೊದಲು ಸುತ್ತಲಿನ ಹಳ್ಳಿಯವರ ಆರೋಗ್ಯ ನೋಡಬೇಕೆಂದು ಸಂಸ್ಥೆಯನ್ನೇ ಕಟ್ಟಿದರು. ನಮ್ಮ ಸಿಬ್ಬಂದಿಯಲ್ಲಿ ಕೆಮ್ಮು ಇದ್ದವರು ಕಾಡಿಗೆ ಹೋಗುವಂತಿಲ್ಲ.

ಕಾಗದದ ಆಚೆಗಿನ ಕೆಲಸ ಒಂದೇ: ಊರಿನ ಸಭೆಯಲ್ಲಿ ಏನನ್ನು ಒಪ್ಪಿಕೊಳ್ಳಬೇಕು, ಏನನ್ನು ಒಪ್ಪಿಕೊಳ್ಳಬಾರದು ಎಂಬುದನ್ನು ತೀರ್ಮಾನಿಸುವುದು. ನಮ್ಮ ಕಡೆ ಆನೆ ತುಳಿದು ಯಾರಾದರೂ ಸತ್ತಾಗಲೆಲ್ಲ ರಸ್ತೆ ತಡೆ, ಅಧಿಕಾರಿಗಳ ಆಗಮನ, ಶಾಶ್ವತ ಪರಿಹಾರದ ಭರವಸೆ, ಮುಂದಿನ ಸಾವಿನವರೆಗೆ ಮೌನ ಎಂಬ ಕ್ರಮವನ್ನು ನೋಡುತ್ತಲೇ ಬೆಳೆದವಳು ನಾನು. ಹಾಗಾಗಿ ಬಜೆಟ್ಟಿನಲ್ಲಿ ಹಣ ಕಾಣಿಸದ ಯಾವುದನ್ನೂ ನಮ್ಮವರು ಸಭೆಯಲ್ಲಿ ಹೇಳಬಾರದೆಂಬ ನಿಯಮ ಮಾಡಿದ್ದೇನೆ. ಇದರಿಂದ ಸಭೆಗಳು ಸಪ್ಪೆಯಾಗುತ್ತವೆ, ಕೆಲವರು ಸಿಟ್ಟಾಗಿ ಎದ್ದು ಹೋಗುತ್ತಾರೆ. ಆದರೂ ನಿಯಮ ಸಡಿಲಿಸಿಲ್ಲ. ಉಗಾಂಡಾದ 2019ರ ವನ್ಯಜೀವಿ ಕಾಯ್ದೆಯಲ್ಲಿ ಪರಿಹಾರದ ಅವಕಾಶವಿದೆ. ಬೆಳೆ ಹೋದರೆ ಅಲ್ಲಿ ಏನು ಕೊಡುತ್ತಾರೆಂದು ನನ್ನ ಚಿಕ್ಕಪ್ಪ ಫೋನಿನಲ್ಲಿ ಕೇಳಿದಾಗ, "ಕಾನೂನಲ್ಲಿದೆ ಚಿಕ್ಕಪ್ಪ, ಕೈಗೆ ಬರೋದು ನಿಧಾನ" ಎಂದೆ. "ಹಂಗಾದ್ರೆ ನಮ್ಮೂರೇ ಅನ್ನು ಮಗಾ" ಎಂದು ನಕ್ಕರು.

ನಾವು ಒಪ್ಪಿಕೊಂಡಿರುವುದು ಸಣ್ಣ ಸಂಗತಿಗಳನ್ನು. ಹೆಂಗಸರು, ಮಕ್ಕಳು ನೀರಿಗೆಂದು ಕಾಡಿನ ಹೊಳೆಗೆ ಇಳಿಯದಂತೆ ಊರಿನೊಳಗೆ ಕೊಳವೆಬಾವಿ, ಸೌದೆಗೆ ಬೇಗ ಬೆಳೆಯುವ ಮರಗಳು, ಕಾಡಿನ ತುಣುಕನ್ನು ಕಡಿಯದೆ ಉಳಿಸಿಕೊಂಡ ಮನೆಯವರ ಮಕ್ಕಳಿಗೆ ಶಾಲೆಯ ಶುಲ್ಕ, ಮತ್ತು ಕಾಫಿ ಸಸಿ. ಬಾಳೆಗೆ, ಹಲಸಿಗೆ ಆಸೆಪಡುವಷ್ಟು ಚಿಂಪಾಂಜಿ ಕಾಫಿಗೆ ಆಸೆಪಡುವುದಿಲ್ಲ. ರೋಬಸ್ಟಾ ಆ ನೆಲದ್ದೇ ಗಿಡ, ಕಿಬಾಲೆ ಕಾಡಿನಲ್ಲಿ ಇಂದಿಗೂ ತಾನಾಗಿ ಬೆಳೆಯುತ್ತದೆ. ನಮ್ಮ ಕಣದಲ್ಲಿ ಚೆರ್ರಿ ಒಣಗಿಸುವಂತೆಯೇ ಅವರೂ ಹಣ್ಣನ್ನು ಸಿಪ್ಪೆಸಮೇತ ಒಣಗಿಸುತ್ತಾರೆ, ಅದಕ್ಕೆ ಕಿಬೋಕೊ ಎನ್ನುತ್ತಾರೆ. ನೆರಳಿನ ವಿಷಯದಲ್ಲಿ ಮಾತ್ರ ನನಗೂ ಅಲ್ಲಿನ ರೈತರಿಗೂ ಸದಾ ವಾದ. ಕಾಡುಮರ ಉಳಿಸಿ ಅದರಡಿ ಕಾಫಿ ಇಡಿ ಎಂದು ನಾನು, ಮರ ಇದ್ದರೆ ಚಿಂಪಾಂಜಿ ಬರುತ್ತದಲ್ಲ ಎಂದು ಅವರು. ಅವರ ಮಾತಿನಲ್ಲಿ ಸತ್ಯವಿರುವುದರಿಂದ ಹೊಳೆದಂಡೆಯ ಮರಗಳನ್ನು ಉಳಿಸುವುದು, ಮನೆಯ ಹತ್ತಿರದ ಕಾಫಿಗೆ ಹಣ್ಣು ಬಿಡದ ನೆರಳುಮರ ಹಾಕುವುದು ಎಂಬಲ್ಲಿಗೆ ಸದ್ಯಕ್ಕೆ ಬಂದು ನಿಂತಿದ್ದೇವೆ.

ಈ ಕುರ್ಚಿಯಲ್ಲಿ ಹೊರದೇಶದವರು ಬಹುಕಾಲ ಕೂರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಸಭೆಯಲ್ಲಿ ರುನ್ಯೋರೊ ಭಾಷೆಯಲ್ಲಿ ಬೈಗುಳ ಕೇಳಿಸಿಕೊಂಡು ಅದೇ ಭಾಷೆಯಲ್ಲಿ ಉತ್ತರ ಕೊಡಬಲ್ಲವರು ಅಲ್ಲಿರಬೇಕು. ಮಸಿಂಡಿ ಕಡೆಯವರಾದ ನಮ್ಮ ಉಪಮುಖ್ಯಸ್ಥೆ ಈಗ ದಾನಿಗಳ ಸಭೆಗಳನ್ನೂ ಸರ್ಕಾರದೊಂದಿಗಿನ ಮಾತುಕತೆಯನ್ನೂ ತಾವೇ ನಡೆಸುತ್ತಿದ್ದಾರೆ, ಮುಂದಿನ ಒಪ್ಪಂದಕ್ಕೆ ಸಹಿ ಹಾಕುವವರೂ ಅವರೇ. ಸಸಿಮಡಿಯ ಉಸ್ತುವಾರಿಯನ್ನು ಮಾತ್ರ ಇನ್ನೊಂದು ಮಳೆಗಾಲ ನೋಡಿಕೊಂಡು ಹೋಗಿ ಎಂದು ನನಗೆ ಹೇಳಿದ್ದಾರೆ.